ಮೂಳೆಗೆ ಹಾಕುವ ವರ್ಷಕ್ಕೊಂದು ಡ್ರಿಪ್‌ನಿಂದ ದವಡೆ ಕೊಳೆಯುತ್ತದೆಯೇ? ಫಾರ್ವರ್ಡ್‌ಗಳು ಹೇಳದ ಲೆಕ್ಕ

"ಮೂಳೆಗೆ ಬಾಟಲಿ ಹಾಕಿಸಬೇಡಿ. ದವಡೆ ಕೊಳೆಯುತ್ತದೆ, ತೊಡೆಮೂಳೆ ತಾನಾಗಿಯೇ ಮುರಿಯುತ್ತದೆ, ಅದು ಕ್ಯಾನ್ಸರ್‌ನವರಿಗೆ ಕೊಡುವ ಮದ್ದು." ಈ ಅರ್ಥದ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಬಂದಿರದಿದ್ದರೆ, ಮನೆಯಲ್ಲಿ ಯಾರಿಗಾದರೂ ವೈದ್ಯರು ಈ ಡ್ರಿಪ್ ಬರೆದುಕೊಟ್ಟ ದಿನ ಬರುತ್ತದೆ!

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ಆಗುವುದಿಲ್ಲ. ಮೂರು ಮಾತುಗಳಲ್ಲಿ ಪ್ರತಿಯೊಂದರ ಹಿಂದೆಯೂ ಒಂದು ನಿಜ ಇದೆ. ಆದರೆ ಎಷ್ಟು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಎಂಥವರಿಗೆ ಆಗುತ್ತದೆ, ಎಷ್ಟು ಮದ್ದು ಕೊಟ್ಟಾಗ ಆಗುತ್ತದೆ ಎಂಬುದು ಅದರಲ್ಲಿ ಇರುವುದಿಲ್ಲ. ಡ್ರಿಪ್ ಹಾಕಿಸದೇ ಇದ್ದರೆ ಏನಾಗಬಹುದು ಎಂಬುದಂತೂ ಇರುವುದೇ ಇಲ್ಲ. ಹಾಗಾಗಿ ನಮ್ಮ ತೀರ್ಮಾನ: ಬಹುಪಾಲು ದಾರಿ ತಪ್ಪಿಸುವ ಸಂದೇಶ. ಯಾಕೆ ಎಂದು ಮುಂದೆ ನೋಡೋಣ.

ಈ ಲೇಖನವನ್ನು ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರು ಕಡೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ನಡೆದುಕೊಂಡೇ ಬರುವವರಲ್ಲಿ ವಯಸ್ಸಾದ ತಾಯಂದಿರೂ ಇರುತ್ತಾರೆ. ಜಗಳೂರಿನಲ್ಲಿ ಫ್ಲೋರೈಡ್ ನೀರಿನ ಸಮಸ್ಯೆ ಇದೆ, ಚನ್ನಗಿರಿ ಅಡಿಕೆ ಸೀಮೆ. ಇವೆಲ್ಲಕ್ಕೂ ಈ ಡ್ರಿಪ್‌ಗೂ ಸಂಬಂಧವಿದೆ.

ಮೊದಲು, ಇದು ಯಾವ ಡ್ರಿಪ್?

ಔಷಧದ ಹೆಸರು ಜೋಲೆಡ್ರೋನಿಕ್ ಆಸಿಡ್. ಆಸ್ಟಿಯೊಪೊರೋಸಿಸ್ ಇರುವವರಿಗೆ, ಅಂದರೆ ಮೂಳೆಯ ಒಳಗಿನ ಗಟ್ಟಿತನ ಕಡಿಮೆಯಾಗಿ ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿಗೆ ಬಂದವರಿಗೆ, 5 ಮಿ.ಗ್ರಾಂ ಔಷಧವಿರುವ 100 ಮಿ.ಲೀ. ಬಾಟಲಿಯನ್ನು ವರ್ಷಕ್ಕೆ ಒಂದು ಸಲ ನರಕ್ಕೆ ಹಾಕುತ್ತಾರೆ. ಕನಿಷ್ಠ 15 ನಿಮಿಷ ತೆಗೆದುಕೊಂಡು ನಿಧಾನವಾಗಿ ಹಾಕಬೇಕು. ಅಮೆರಿಕದಲ್ಲಿ 2007ರಲ್ಲಿ ಋತುಬಂಧದ ನಂತರದ ಆಸ್ಟಿಯೊಪೊರೋಸಿಸ್‌ಗೆ ಇದಕ್ಕೆ ಅನುಮತಿ ಸಿಕ್ಕಿತು. ಈಗ ನಮ್ಮಲ್ಲಿ ಹಲವು ಕಂಪನಿಗಳು ತಯಾರಿಸುತ್ತವೆ.

ಇಲ್ಲಿ ಭಾಷೆಯ ಒಂದು ಗೊಂದಲವಿದೆ. ಮಂಡಿನೋವಿಗೆ ಹೋದರೂ "ಮೂಳೆ ಸವೆದಿದೆ" ಎನ್ನುತ್ತಾರೆ, ಆಸ್ಟಿಯೊಪೊರೋಸಿಸ್‌ಗೂ "ಮೂಳೆ ಸವೆತ" ಎನ್ನುತ್ತಾರೆ. ಎರಡೂ ಬೇರೆ ಬೇರೆ ಕಾಯಿಲೆ. ಮಂಡಿ ಸವೆತದಲ್ಲಿ ಹಾಳಾಗುವುದು ಕೀಲು. ಆ ನೋವಿಗೆ ಈ ಡ್ರಿಪ್ ಮದ್ದಲ್ಲ. ಆಸ್ಟಿಯೊಪೊರೋಸಿಸ್ ಸಾಮಾನ್ಯವಾಗಿ ನೋಯುವುದೇ ಇಲ್ಲ, ಮೂಳೆ ಮುರಿದ ದಿನವೇ ಗೊತ್ತಾಗುತ್ತದೆ. ಸುಸ್ತಿಗೆ ಹಾಕಿಸುವ ಗ್ಲೂಕೋಸ್ ಬಾಟಲಿಯಂತೆ "ಮೂಳೆಗೆ ಶಕ್ತಿ ಬರುವ ಬಾಟಲಿ" ಎಂದುಕೊಂಡು ಯಾರೋ ಹೇಳಿದರೆಂದು ಹಾಕಿಸಿಕೊಳ್ಳುವಂಥದ್ದೂ ಇದಲ್ಲ.

"ಕ್ಯಾನ್ಸರ್ ಮದ್ದು" ಎಂಬ ಮಾತು ಎಲ್ಲಿಂದ ಬಂತು?

ಗೂಗಲ್‌ನಲ್ಲಿ ಔಷಧದ ಹೆಸರು ಹಾಕಿದರೆ ಕ್ಯಾನ್ಸರ್ ಎಂದೇ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಇದೇ ಔಷಧವನ್ನು 4 ಮಿ.ಗ್ರಾಂನಂತೆ 3–4 ವಾರಕ್ಕೊಮ್ಮೆ ಕೊಡುತ್ತಾರೆ. ಅದು ಕೀಮೋ ಅಲ್ಲ. ಅಲ್ಲೂ ಅದರ ಕೆಲಸ ಮೂಳೆ ಕರಗುವುದನ್ನು ತಡೆಯುವುದೇ. ಆದರೆ ಪ್ರಮಾಣ ನೋಡಿ: ತಿಂಗಳಿಗೊಂದರಂತೆ ಲೆಕ್ಕ ಹಾಕಿದರೂ ಅವರಿಗೆ ವರ್ಷಕ್ಕೆ 48 ಮಿ.ಗ್ರಾಂ, ಆಸ್ಟಿಯೊಪೊರೋಸಿಸ್ ಇರುವವರಿಗೆ 5 ಮಿ.ಗ್ರಾಂ. ಹೆಚ್ಚುಕಡಿಮೆ ಹತ್ತು ಪಟ್ಟು ವ್ಯತ್ಯಾಸ. ಫಾರ್ವರ್ಡ್‌ಗಳು ಹೆದರಿಸುವ ಅಡ್ಡ ಪರಿಣಾಮಗಳಲ್ಲಿ ಹೆಚ್ಚಿನವು ಆ ಮೊದಲ ಗುಂಪಿನಿಂದ ಬಂದವು.

ದವಡೆ

ಈ ಜಾತಿಯ ಔಷಧ ತೆಗೆದುಕೊಂಡವರಲ್ಲಿ ದವಡೆಯ ಮೂಳೆ ಒಸಡಿನಿಂದ ಹೊರಗೆ ಕಾಣಿಸಿಕೊಂಡು, ಎಂಟು ವಾರ ಕಳೆದರೂ ಮಾಯದೆ ಉಳಿಯುವ ತೊಂದರೆ 2003ರಲ್ಲಿ ಮೊದಲ ಬಾರಿಗೆ ವರದಿಯಾಯಿತು. ವರದಿಯಾದವರಲ್ಲಿ ಹೆಚ್ಚಿನವರು ಕ್ಯಾನ್ಸರ್ ರೋಗಿಗಳು, ಅದರಲ್ಲೂ ಹಲ್ಲು ಕೀಳಿಸಿಕೊಂಡವರು.

ಆಸ್ಟಿಯೊಪೊರೋಸಿಸ್ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ತಜ್ಞರ ಅಂದಾಜು, 1 ಲಕ್ಷ ಜನರಲ್ಲಿ ವರ್ಷಕ್ಕೆ 1ರಿಂದ 10 ಮಂದಿ. ಈ ಡ್ರಿಪ್‌ನ ಮುಖ್ಯ ಪ್ರಯೋಗ 2007ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂತು. ಅದರ ಹೆಸರು ಹೊರೈಜನ್. ಅದರಲ್ಲಿ 7,700ಕ್ಕೂ ಹೆಚ್ಚು ಮಹಿಳೆಯರು, ಸರಾಸರಿ ವಯಸ್ಸು 73. ಅರ್ಧದಷ್ಟು ಮಂದಿಗೆ ಔಷಧ, ಉಳಿದರ್ಧಕ್ಕೆ ಔಷಧವಿಲ್ಲದ ಬಾಟಲಿ. ಮೂರು ವರ್ಷದಲ್ಲಿ ದವಡೆಯ ಇಂಥ ತೊಂದರೆ ಕಂಡದ್ದು ಔಷಧದ ಗುಂಪಿನಲ್ಲಿ ಒಬ್ಬರಿಗೆ, ಖಾಲಿ ಬಾಟಲಿಯ ಗುಂಪಿನಲ್ಲೂ ಒಬ್ಬರಿಗೆ.

ಹಾಗೆಂದು ಬಾಯಿಯ ಬಗ್ಗೆ ಯೋಚಿಸುವುದೇ ಬೇಡ ಎಂದಲ್ಲ. ಹೊಗೆಸೊಪ್ಪು, ಎಲೆ ಅಡಿಕೆ ಹಾಕುವ ಅಭ್ಯಾಸವಿದ್ದು, ಒಸಡು ಹಾಳಾಗಿ, ಹಲ್ಲು ಅಲುಗಾಡುತ್ತಿದ್ದರೂ ದಂತವೈದ್ಯರ ಹತ್ತಿರ ಹೋಗದವರು ನಮ್ಮಲ್ಲಿ ಬಹಳ. ಕೀಳಿಸಬೇಕಾದ ಹಲ್ಲು ಇದ್ದರೆ ಡ್ರಿಪ್‌ಗೆ ಮೊದಲೇ ಕೀಳಿಸಿ, ಗಾಯ ಮಾಯಲು ಬಿಡಿ. ಡ್ರಿಪ್ ಆದ ಮೇಲೆ ಹಲ್ಲು ಸ್ವಚ್ಛ ಮಾಡಿಸಲು, ಹುಳುಕು ತುಂಬಿಸಲು ಅಡ್ಡಿಯಿಲ್ಲ. ಕೀಳಿಸುವುದಾದರೆ ಮಾತ್ರ ದಂತವೈದ್ಯರಿಗೆ ಈ ಔಷಧದ ವಿಷಯ ಮೊದಲೇ ಹೇಳಬೇಕು. ನಮ್ಮ ಪ್ರಕಾರ ದವಡೆಯ ಭಯಕ್ಕೆ ಸರಿಯಾದ ಉತ್ತರ ಡ್ರಿಪ್ ಬಿಡುವುದಲ್ಲ, ಮೊದಲು ಹಲ್ಲು ತೋರಿಸುವುದು.

ತೊಡೆಮೂಳೆ: ಇದು ಭಾರತೀಯರು ಗಮನಿಸಬೇಕಾದ ಮಾತು

ಮೂಳೆ ಗಟ್ಟಿ ಮಾಡುವ ಮದ್ದಿನಿಂದ ಮೂಳೆ ಮುರಿಯುವುದು ಹೇಗೆ? ನಮ್ಮ ಮೂಳೆ ಸದಾ ಸ್ವಲ್ಪ ಸ್ವಲ್ಪ ಕರಗುತ್ತಾ, ಹೊಸದಾಗಿ ಕಟ್ಟಿಕೊಳ್ಳುತ್ತಾ ಇರುತ್ತದೆ. ವಯಸ್ಸಾದಂತೆ ಕಟ್ಟುವುದಕ್ಕಿಂತ ಕರಗುವುದು ಹೆಚ್ಚು. ಔಷಧ ಈ ಕರಗಿಸುವ ಕೆಲಸವನ್ನು ನಿಧಾನ ಮಾಡುತ್ತದೆ. ಆದರೆ ಸಣ್ಣ ಬಿರುಕುಗಳ ದುರಸ್ತಿಗೂ ಅದೇ ಕೆಲಸ ಬೇಕು. ವರ್ಷಗಟ್ಟಲೆ ಔಷಧ ಮುಂದುವರಿದರೆ ಅಪರೂಪಕ್ಕೆ ಕೆಲವರಲ್ಲಿ ತೊಡೆಮೂಳೆಯ ಮಧ್ಯಭಾಗದಲ್ಲಿ ಬಿರುಕು ಉಳಿದು, ಬೆಳೆದು, ಸಣ್ಣ ಹೊರೆಗೂ ಮುರಿಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1 ಲಕ್ಷ 96 ಸಾವಿರ ಮಹಿಳೆಯರ ದಾಖಲೆಗಳನ್ನು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅವರು ತೆಗೆದುಕೊಂಡದ್ದು ಇದೇ ಜಾತಿಯ ಔಷಧಗಳು, ಹೆಚ್ಚಾಗಿ ಮಾತ್ರೆ ರೂಪದಲ್ಲಿ. 10,000 ಬಿಳಿಯ ಮಹಿಳೆಯರು 3 ವರ್ಷ ಔಷಧ ತೆಗೆದುಕೊಂಡರೆ ಸೊಂಟದ ಕೀಲಿನ ಮೂಳೆ ಮುರಿತ 149 ತಪ್ಪುತ್ತದೆ, ಈ ಬಗೆಯ ತೊಡೆ ಮುರಿತ 2 ಆಗುತ್ತದೆ ಎಂದು ಅಂದಾಜು. ಏಷ್ಯಾ ಮೂಲದ ಮಹಿಳೆಯರಲ್ಲಿ ತಪ್ಪುವುದು 91, ಆಗುವುದು 8.

ಈ ಎರಡನೆಯ ಸಾಲನ್ನು ನಾವು ಮುಚ್ಚಿಡುವುದಿಲ್ಲ. ಏಷ್ಯಾ ಮೂಲದವರಿಗೆ ಅಪಾಯ ಹೆಚ್ಚು, ಲಾಭ ಸ್ವಲ್ಪ ಕಡಿಮೆ. ಆದರೂ 91ರ ಮುಂದೆ 8. ಇದೇ ಅಧ್ಯಯನದಲ್ಲಿ ಇನ್ನೆರಡು ವಿಷಯ ಕಂಡವು: ಔಷಧ ಹೆಚ್ಚು ವರ್ಷ ಮುಂದುವರಿದಷ್ಟೂ ಈ ಅಪಾಯ ಏರುತ್ತದೆ, ನಿಲ್ಲಿಸಿದರೆ ಬೇಗ ಇಳಿಯುತ್ತದೆ. ಹಾಗಾಗಿಯೇ ಮೂರು ವರ್ಷ, ಮೂರು ಡ್ರಿಪ್ ಆದ ಮೇಲೆ ಮುಂದುವರಿಸಬೇಕೋ, ಬಿಡುವು ಕೊಡಬೇಕೋ ಎಂದು ವೈದ್ಯರು ಮತ್ತೆ ಲೆಕ್ಕ ಹಾಕುತ್ತಾರೆ. ಅವರು ಆ ಮಾತು ಎತ್ತದಿದ್ದರೆ ನೀವು ಎತ್ತಿ.

ಇನ್ನೊಂದು: ಈ ಮುರಿತ ಬಹಳ ಸಲ ಮುನ್ಸೂಚನೆ ಕೊಟ್ಟೇ ಬರುತ್ತದೆ. ತೊಡೆಯಲ್ಲೋ ತೊಡೆಸಂದಿಯಲ್ಲೋ ವಾರಗಟ್ಟಲೆ ಮಂದವಾದ ನೋವು ಇರುತ್ತದೆ. ಔಷಧ ತೆಗೆದುಕೊಂಡವರಿಗೆ ಅಂಥ ನೋವು ಬಂದರೆ ಎಣ್ಣೆ ತಿಕ್ಕಿಸಿ ಸುಮ್ಮನಾಗಬಾರದು. ಎರಡೂ ತೊಡೆಯ ಎಕ್ಸ್‌ರೇ ಆಗಬೇಕು.

ನಿಜವಾಗಿ ಬಹಳ ಜನರಿಗೆ ಆಗುವುದು: ಜ್ವರ

ವಿಚಿತ್ರವೆಂದರೆ, ಇಂಥ ಸಂದೇಶಗಳು ಹೆಚ್ಚಾಗಿ ಹೇಳದೇ ಬಿಡುವುದೇ ಎಲ್ಲಕ್ಕಿಂತ ಸಾಮಾನ್ಯವಾದ ಅಡ್ಡ ಪರಿಣಾಮ. ಮೊದಲ ಡ್ರಿಪ್ ಆದ ಒಂದೆರಡು ದಿನದಲ್ಲಿ ಜ್ವರ, ಚಳಿ, ಮೈಕೈ ನೋವು, ತಲೆನೋವು, ಕೀಲುನೋವು. ಹೊರೈಜನ್ ಪ್ರಯೋಗದಲ್ಲಿ ಮೊದಲ ಡ್ರಿಪ್ ಆದ ಮೂರು ದಿನದೊಳಗೆ 100ರಲ್ಲಿ ಸುಮಾರು 32 ಮಂದಿಗೆ ಇಂಥದ್ದೇನಾದರೂ ಆಯಿತು. ಖಾಲಿ ಬಾಟಲಿ ಹಾಕಿಸಿಕೊಂಡವರಲ್ಲೂ 6 ಮಂದಿಗೆ ಆಯಿತು. ಎರಡನೇ ವರ್ಷದ ಡ್ರಿಪ್‌ಗೆ ಈ 32 ಇದ್ದದ್ದು 7ಕ್ಕೆ ಇಳಿಯಿತು, ಮೂರನೇ ವರ್ಷಕ್ಕೆ 3ಕ್ಕೆ.

ಔಷಧವು ದೇಹದ ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಜೀವಕೋಶಗಳನ್ನು ಕೆಲಕಾಲ ಕೆರಳಿಸುವುದೇ ಇದಕ್ಕೆ ಕಾರಣ. ಲಸಿಕೆ ಹಾಕಿಸಿದ ರಾತ್ರಿ ಬರುವ ಜ್ವರವನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಮೂರು ದಿನದಲ್ಲಿ ಇಳಿಯುತ್ತದೆ, ಕೆಲವರಿಗೆ ವಾರ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಡ್ರಿಪ್‌ನ ದಿನದಿಂದಲೇ ಮೂರು ದಿನ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಈ ತೊಂದರೆ ಅರ್ಧದಷ್ಟು ಕಡಿಮೆಯಾಗುತ್ತದೆ.

ಮೊದಲೇ ಹೇಳದಿದ್ದರೆ ಮಾತ್ರ ಇದು ದೊಡ್ಡ ಹೆದರಿಕೆ. ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ಡ್ರಿಪ್ ಹಾಕಿಸಿ, ಬಸ್ಸಿನಲ್ಲಿ ತಾಂಡಾಕ್ಕೆ ಮರಳಿದ ಅಜ್ಜಿಗೆ ಮರುದಿನ ಬೆಳಿಗ್ಗೆ ಏಳಲಾಗದಷ್ಟು ಮೈನೋವು, ಜ್ವರ. ಮನೆಯವರು ಗಾಬರಿಯಾಗುತ್ತಾರೆ, "ನೋಡಿ, ಬಾಟಲಿ ಹಾಕಿಸಿದ್ದಕ್ಕೇ ಹೀಗಾಯಿತು" ಎಂಬ ವಾಯ್ಸ್ ಮೆಸೇಜ್ ಹತ್ತು ಗ್ರೂಪಿಗೆ ಹೋಗುತ್ತದೆ. ಅವರು ಕಂಡದ್ದು ಸುಳ್ಳಲ್ಲ. ನಾಲ್ಕನೇ ದಿನ ಅಜ್ಜಿ ಎದ್ದು ಓಡಾಡಿದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಷ್ಟೇ.

ಆದ್ದರಿಂದ ದಿನ ನೋಡಿ ಹಾಕಿಸಿ. ಫೆಬ್ರವರಿ 15ರ ಸೇವಾಲಾಲ್ ಜಯಂತಿಗೆ ಮಾಲೆ ಹಾಕಿ ಪಾದಯಾತ್ರೆ ಹೊರಡುವವರು ಹೊರಡುವ ಹಿಂದಿನ ದಿನ ಮೊದಲ ಡ್ರಿಪ್ ಹಾಕಿಸಿಕೊಳ್ಳಬೇಡಿ. ಒಂದೆರಡು ವಾರ ಮೊದಲೋ, ಯಾತ್ರೆ ಮುಗಿದ ಮೇಲೋ ಇಟ್ಟುಕೊಳ್ಳಿ. ಉಪವಾಸದ ದಿನವೂ ಬೇಡ. ಅದಕ್ಕೆ ಕಾರಣ ಕಿಡ್ನಿ.

ಕಿಡ್ನಿ ಮತ್ತು ಕ್ಯಾಲ್ಸಿಯಂ: ನಾವು ಹೆಚ್ಚು ಹೆದರುವುದು ಇದಕ್ಕೆ

ಮೂಳೆಗೆ ಅಂಟಿಕೊಳ್ಳದೆ ಉಳಿದ ಔಷಧ ಪೂರ್ತಿಯಾಗಿ ಮೂತ್ರದಲ್ಲೇ ಹೊರಹೋಗಬೇಕು. ಕಿಡ್ನಿ ಮೊದಲೇ ಸೋತಿದ್ದರೆ ಈ ಭಾರ ಅದನ್ನು ಇನ್ನಷ್ಟು ಕೆಡಿಸಬಹುದು. ಕಿಡ್ನಿ ವಿಫಲವಾಗಿ ಸಾವು ಸಂಭವಿಸಿದ ಪ್ರಕರಣಗಳು ವರದಿಯಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಕಿಡ್ನಿ ಸೋಸುವ ಸಾಮರ್ಥ್ಯ ನಿಮಿಷಕ್ಕೆ 35 ಮಿ.ಲೀ.ಗಿಂತ ಕಡಿಮೆ ಇರುವವರಿಗೆ ಈ ಡ್ರಿಪ್ ಕೊಡಲೇಬಾರದು. ಇದನ್ನು ತಿಳಿಯಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸಾಕು. ಮೊದಲ ಸಲ ಮಾತ್ರವಲ್ಲ, ಪ್ರತಿ ವರ್ಷದ ಡ್ರಿಪ್‌ಗೂ ಮೊದಲು ಮಾಡಿಸಬೇಕು.

ಹಳ್ಳಿಯಲ್ಲಿ ಇದು ಯಾಕೆ ಮುಖ್ಯ? ಬೆನ್ನುನೋವು, ಮಂಡಿನೋವು ಎಂದು ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮಾತ್ರೆ ತಂದು ವರ್ಷಗಟ್ಟಲೆ ನುಂಗುವವರು ಮನೆಗೊಬ್ಬರು ಸಿಗುತ್ತಾರೆ. ಜೊತೆಗೆ ಶುಗರ್, ಬಿ.ಪಿ. ಈ ಮಾತ್ರೆಗಳೂ ಕಿಡ್ನಿಗೆ ಭಾರವೇ. ಇವುಗಳ ವಿಷಯವನ್ನು ವೈದ್ಯರಿಗೆ ಹೇಳದೆ, ನೀರು ಕುಡಿಯದೆ, ಬಿಸಿಲಲ್ಲಿ ಬಸ್ಸಿಳಿದು ಬಂದು ಡ್ರಿಪ್ ಹಾಕಿಸಿಕೊಂಡರೆ ಅಪಾಯ ಹೆಚ್ಚುತ್ತದೆ. ಮೂತ್ರ ಹೆಚ್ಚು ಹೋಗಲು ಮಾತ್ರೆ ತೆಗೆದುಕೊಳ್ಳುವವರೂ ಮೊದಲೇ ತಿಳಿಸಬೇಕು. ಡ್ರಿಪ್‌ಗೆ ಮೊದಲು ಕನಿಷ್ಠ ಎರಡು ಲೋಟ ನೀರು ಕುಡಿಯಿರಿ. "ಬೇಗ ಬಿಡಿ ಸಿಸ್ಟರ್, ಬಸ್ಸಿಗೆ ಹೊತ್ತಾಯಿತು" ಎಂದು ಅವಸರ ಮಾಡಬೇಡಿ. 15 ನಿಮಿಷಕ್ಕಿಂತ ಬೇಗ ಹೋಗಬಾರದು ಎಂಬ ನಿಯಮ ಇರುವುದೂ ಕಿಡ್ನಿಗಾಗಿಯೇ.

ಕ್ಯಾಲ್ಸಿಯಂ ವಿಷಯ ಹೀಗೆ: ಮೂಳೆ ಕರಗುವುದು ನಿಂತಾಗ ರಕ್ತಕ್ಕೆ ಬರುತ್ತಿದ್ದ ಕ್ಯಾಲ್ಸಿಯಂ ಕೂಡ ಕಡಿಮೆಯಾಗುತ್ತದೆ. ದೇಹದಲ್ಲಿ ವಿಟಮಿನ್ ಡಿ ಸಾಕಷ್ಟಿಲ್ಲದವರಿಗೆ ಆಗ ಕ್ಯಾಲ್ಸಿಯಂ ತೀರಾ ಕುಸಿದು ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜೋಮು, ಕೈಕಾಲು ಸೆಳೆತ ಬರಬಹುದು. ಬಿಸಿಲಿನ ನಾಡಾದರೂ ವಿಟಮಿನ್ ಡಿ ಕೊರತೆ ನಮ್ಮಲ್ಲಿ ಸಾಮಾನ್ಯ. ಅದನ್ನು ಮೊದಲು ಸರಿಪಡಿಸಿ ಆಮೇಲೆ ಡ್ರಿಪ್ ಹಾಕಬೇಕು.

ಹೃದಯದ ಬಗ್ಗೆ ಒಂದೇ ಮಾತು. ಹೊರೈಜನ್‌ನಲ್ಲಿ ಗಂಭೀರವಾದ ಹೃದಯ ಬಡಿತದ ಏರುಪೇರು ಔಷಧದ ಗುಂಪಿನಲ್ಲಿ 1,000ಕ್ಕೆ 13, ಇನ್ನೊಂದರಲ್ಲಿ 5 ಇತ್ತು. ಅದೇ ಔಷಧದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ಎಲ್ಲವನ್ನೂ ನೋಡಿದ ಅಮೆರಿಕದ ಸಂಸ್ಥೆ ಸ್ಪಷ್ಟ ಸಂಬಂಧವಿಲ್ಲ ಎಂದಿತು. ಹೃದಯದ ತೊಂದರೆ ಇರುವವರು ಮೊದಲೇ ತಿಳಿಸಿದರೆ ಸಾಕು.

ತಕ್ಕಡಿಯ ಇನ್ನೊಂದು ತಟ್ಟೆ

ಡ್ರಿಪ್ ಹಾಕಿಸದಿದ್ದರೆ? ಹೊರೈಜನ್‌ನ ಮೂರು ವರ್ಷದ ಲೆಕ್ಕವನ್ನು 1,000 ಮಹಿಳೆಯರಿಗೆ ಹೇಳುವುದಾದರೆ, ಔಷಧ ಇಲ್ಲದೆ 109 ಮಂದಿಗೆ ಬೆನ್ನುಮೂಳೆ ಕುಸಿಯಿತು, ಔಷಧ ಇದ್ದಾಗ 33 ಮಂದಿಗೆ. ಸೊಂಟದ ಕೀಲಿನ ಮೂಳೆ ಮುರಿದದ್ದು ಔಷಧ ಇಲ್ಲದೆ 25, ಇದ್ದಾಗ 14.

25 ಮತ್ತು 14 ದೊಡ್ಡ ವ್ಯತ್ಯಾಸವಲ್ಲ ಎನಿಸಬಹುದು. ಆದರೆ ಆ ಮುರಿತ ಎಂದರೆ ಏನೆಂದು ಮನೆಯಲ್ಲಿ ಕಂಡವರಿಗೆ ಗೊತ್ತು. ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿ ಬಿದ್ದ ಅಜ್ಜಿ ಆಮೇಲೆ ಮೊದಲಿನಂತೆ ನಡೆಯುವುದು ಕಷ್ಟ. ಆಪರೇಷನ್, ಹಾಸಿಗೆ ಹುಣ್ಣು, ಎದೆಗೆ ಕಫ, ದಿನವಿಡೀ ಒಬ್ಬರು ಕೂಲಿ ಬಿಟ್ಟು ಜೊತೆಗಿರಬೇಕು. ಸೊಂಟದ ಮುರಿತಕ್ಕೆ ಆಪರೇಷನ್ ಆದ 90 ದಿನದೊಳಗೆ ಡ್ರಿಪ್ ಶುರು ಮಾಡಿದ ಇನ್ನೊಂದು ಪ್ರಯೋಗ 2007ರಲ್ಲೇ ಪ್ರಕಟವಾಯಿತು. ಸುಮಾರು 2,100 ಜನ, ಗಂಡಸರೂ ಇದ್ದರು. ಎರಡು ವರ್ಷದ ಆಸುಪಾಸಿನಲ್ಲಿ ಔಷಧ ಸಿಗದ 1,000ಕ್ಕೆ 133 ಮಂದಿ ತೀರಿಕೊಂಡರು, ಸಿಕ್ಕವರಲ್ಲಿ 96.

ಹಾಗಾಗಿ ಒಮ್ಮೆ ಸೊಂಟವೋ ಬೆನ್ನುಮೂಳೆಯೋ ಮುರಿದವರಿಗೆ ಈ ತಕ್ಕಡಿ ಸ್ಪಷ್ಟವಾಗಿ ಡ್ರಿಪ್‌ನ ಕಡೆಗೆ ವಾಲುತ್ತದೆ. ಫಾರ್ವರ್ಡ್ ನೋಡಿ ಬಿಟ್ಟುಬಿಟ್ಟರೆ ಹೆಚ್ಚು ಕಳೆದುಕೊಳ್ಳುವವರೂ ಅವರೇ. ಇನ್ನೊಂದು ತುದಿಯಲ್ಲಿ, ಐವತ್ತರ ಆಸುಪಾಸಿನಲ್ಲಿದ್ದು, ಎಲ್ಲೂ ಮುರಿದಿಲ್ಲದೆ, ಸ್ಕ್ಯಾನಿನಲ್ಲಿ ಮೂಳೆ ಸಾಂದ್ರತೆ ಸ್ವಲ್ಪ ಮಾತ್ರ ಕಡಿಮೆ ಬಂದವರಿಗೆ ಲಾಭ ಅಷ್ಟಿರುವುದಿಲ್ಲ. ಅವರು "ನನಗೆ ಈಗಲೇ ಬೇಕೇ?" ಎಂದು ಕೇಳುವುದು ನ್ಯಾಯ.

ಡ್ರಿಪ್‌ಗೆ ಒಂದು ನಿಜವಾದ ಮಿತಿ ಇದೆ. ಮಾತ್ರೆಯಾದರೆ ಒಗ್ಗದಿದ್ದಾಗ ನಾಳೆಯಿಂದ ನಿಲ್ಲಿಸಬಹುದು, ಡ್ರಿಪ್ ಹೋದ ಮೇಲೆ ವಾಪಸ್ ತೆಗೆಯಲಾಗದು. ಮೂಳೆಯಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಆ ಅಳುಕು ಇರುವವರು ಅದೇ ಜಾತಿಯ ವಾರಕ್ಕೊಂದು ಮಾತ್ರೆ, ಅಲೆಂಡ್ರೊನೇಟ್ ಬಗ್ಗೆ ಕೇಳಬಹುದು. ಅದನ್ನು ಬರಿಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು, ಇಲ್ಲವಾದರೆ ಅನ್ನನಾಳ ಸುಡುತ್ತದೆ. ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಕೂಡ ಇದೆ. ಆದರೆ ಅದನ್ನು ಮಧ್ಯದಲ್ಲಿ ಬಿಟ್ಟರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ. ಆಸ್ಪತ್ರೆ ದೂರವಿರುವ, ತಾರೀಖು ತಪ್ಪಿಹೋಗುವ ಮನೆಗಳಿಗೆ ವರ್ಷಕ್ಕೊಂದು ಡ್ರಿಪ್ ಒಗ್ಗುವುದು ಇದಕ್ಕೇ.

ಜಗಳೂರು ಕಡೆಯವರಿಗೆ ಒಂದು ಮಾತು

ಜಗಳೂರಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿ.ಗ್ರಾಂ ಮೀರಬಾರದು. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಒಳಹೋದರೆ ಬೆನ್ನು, ಕುತ್ತಿಗೆ ಬಿಗಿದು ನೋಯುತ್ತವೆ, ಬಗ್ಗಲು ಆಗುವುದಿಲ್ಲ. ಇದು ಫ್ಲೋರೋಸಿಸ್. ಇದಕ್ಕೆ ಈ ಡ್ರಿಪ್ ಮದ್ದಲ್ಲ. ಇನ್ನೂ ಒಂದು ಪೇಚು: ಫ್ಲೋರೈಡ್ ಸೇರಿದ ಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಾಣಬಹುದು, ಆದರೆ ಬಲವಾಗಿರುವುದಿಲ್ಲ.

ಇದನ್ನು ಸಾಬೀತು ಮಾಡಿದ ಪ್ರಯೋಗವೇ ಇದೆ. ಒಂದು ಕಾಲದಲ್ಲಿ ಫ್ಲೋರೈಡನ್ನೇ ಆಸ್ಟಿಯೊಪೊರೋಸಿಸ್‌ಗೆ ಮದ್ದಾಗಿ ಪರೀಕ್ಷಿಸಿದ್ದರು. 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 202 ಮಹಿಳೆಯರಿದ್ದರು. ನಾಲ್ಕು ವರ್ಷದಲ್ಲಿ ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ 35% ಏರಿತು. ಬೆನ್ನುಮೂಳೆ ಮುರಿತ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಬೇರೆ ಮೂಳೆಗಳ ಮುರಿತ ಔಷಧ ಇಲ್ಲದವರಲ್ಲಿ 24 ಇದ್ದರೆ ಇವರಲ್ಲಿ 72. "ಡ್ರಿಪ್‌ನಿಂದ ಮೂಳೆ ಬರೀ ನೋಡಲು ಗಟ್ಟಿ, ಒಳಗೆ ಪೆಳಸು" ಎಂಬ ಫಾರ್ವರ್ಡ್ ಮಾತು ಫ್ಲೋರೈಡಿಗೆ ಸರಿಯಾಗಿ ಹೊಂದುತ್ತದೆ, ಜೋಲೆಡ್ರೋನಿಕ್ ಆಸಿಡ್‌ಗಲ್ಲ. ಅದರ ಪ್ರಯೋಗಗಳಲ್ಲಿ ಎಣಿಸಿದ್ದು ಮುರಿತಗಳನ್ನೇ, ಕಡಿಮೆಯಾದದ್ದೂ ಮುರಿತಗಳೇ. ಜಗಳೂರು ಸೀಮೆಯವರು ಕುಡಿಯುವ ನೀರು ಯಾವುದು ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕು. ನಗರದ ವೈದ್ಯರಿಗೆ ಅದು ಹೊಳೆಯದೇ ಇರಬಹುದು.

ಡ್ರಿಪ್ ಆದ ಮೇಲೆ ಯಾವಾಗ ಆಸ್ಪತ್ರೆಗೆ ಓಡಬೇಕು?

ಮೂರು ದಿನದ ಜ್ವರ, ಮೈನೋವಿಗೆ ಪ್ಯಾರಾಸಿಟಮಾಲ್ ಮತ್ತು ನೀರು ಸಾಕು. ನೋವಿಗೆಂದು ಬೇರೆ ಮಾತ್ರೆ ಸೇರಿಸಬೇಡಿ. ಆದರೆ ಮೂತ್ರ ಕಡಿಮೆಯಾದರೆ, ಮುಖ ಕಾಲು ಊದಿದರೆ, ಬಾಯಿಯ ಸುತ್ತ ಜೋಮು ಹಿಡಿದು ಕೈ ಸೆಟೆದುಕೊಂಡರೆ, ಕಣ್ಣು ಕೆಂಪಾಗಿ ನೋಯುತ್ತಾ ಮಂಜಾದರೆ, ಎದೆ ಬಡಿತ ತಾಳ ತಪ್ಪಿದರೆ, ಉಸಿರಾಟ ಕಷ್ಟವಾದರೆ ಅದೇ ದಿನ ತೋರಿಸಬೇಕು. ಆಸ್ಪಿರಿನ್ ನುಂಗಿದರೆ ಉಬ್ಬಸ ಬರುವವರು ಡ್ರಿಪ್‌ಗೆ ಮೊದಲೇ ಆ ವಿಷಯ ಹೇಳಿರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಔಷಧದ ಹೆಸರು, 5 ಮಿ.ಗ್ರಾಂ ಎಂಬ ಪ್ರಮಾಣ, ಹಾಕಿದ ತಾರೀಖು ಬರೆದಿದೆಯೇ ನೋಡಿ, ಅದರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದೆ ದಂತವೈದ್ಯರಿಗೂ, ಮುಂದಿನ ವರ್ಷದ ಡ್ರಿಪ್‌ಗೂ ಅದೇ ಬೇಕಾಗುತ್ತದೆ.